ಚಾಳೀಸಗಾಂವದ ಟಾಂಗಾ, ನಿಂಬರ್ಗಾದ ಯೆಜ್ಡಿ



ಒಂದೂವರೆ ತಿಂಗಳಿಂದ ನಾನು ಹಾಕ್ತಿರೋ ಫೋಟೋಗಳಲ್ಲಿ ಬರೀ ಗ್ರೀಸ್ ಮೆತ್ತಿದ ಕೈ, ಬಿಚ್ಚಿಟ್ಟ ಇಂಜಿನ್ನು, ಪಾನಾ, ಪಕ್ಕಡ ಇವೇ ಕಾಣ್ತಿವೆ. "ಒಳಮೀಸಲಾತಿ ಬಗ್ಗೆ ಬರೀರಿ ಅಣ್ಣಾ ಅಂದ್ರ ಗ್ಯಾರೇಜ್ ತಗದ್ ಕುಂತೀರಲ್ಲ" ಅಂತ ಕಲಬುರಗಿಯ ತಮ್ಮನೊಬ್ಬ ಫೋನ್ ಮಾಡಿ ಬೈದ. ಬೈದದ್ದು ಸರಿಯೇ. ಆದರೆ ಈ ಹಳೇ ಗಾಡಿ ಬಿಚ್ಚುತ್ತಾ ಕೂತಾಗ ಬಾಬಾಸಾಹೇಬರ ಮೂರು ಪ್ರಯಾಣಗಳು ತಲೆಯಲ್ಲಿ ತಿರುಗೋಕೆ ಶುರುವಾದವು. ಬರೆಯದೆ ಇರೋಕಾಗಲಿಲ್ಲ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಗಾಡಿ ಯೆಜ್ಡಿ 250. 1983ರ ಮಾಡೆಲ್ಲು, ನಂಬರ್ ಪ್ಲೇಟಿಗೆ 'ಕೆಎ' ಬರೋದಕ್ಕಿಂತ ಮುಂಚಿನದು. ಆಳಂದದಲ್ಲಿ ಒಬ್ಬ ನಿವೃತ್ತ ಮಾಸ್ತರರ ಮನೆ ಹಿತ್ತಲಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತಿತ್ತು. ಕಾಗದಪತ್ರ ಸರಿ ಇದ್ದವು. 22,000ಕ್ಕೆ ಮಾತಾಯ್ತು. ಟೆಂಪೋದಲ್ಲಿ ಹಾಕ್ಕೊಂಡು ನಿಂಬರ್ಗಾಕ್ಕೆ ತಂದು ಅಂಗಳದ ಬೇವಿನ ಗಿಡದ ಕೆಳಗೆ ಇಳಿಸಿದೆ. ನಮ್ಮಪ್ಪ ಹೊರಸಿನ ಮೇಲೆ ಕೂತು ಅದನ್ನು ಒಂದು ಸುತ್ತು ನೋಡಿದ. ಕೇಳಿದ್ದು ಒಂದೇ ಮಾತು:

"ಹೊಡ್ಯಾಕ ಬರ್ತದ, ಖರೇ. ಬಿಚ್ಚಾಕ ಬರ್ತದನು?"

ಬರ್ತಿರಲಿಲ್ಲ. ಹದಿನಾರನೇ ವಯಸ್ಸಿಂದ ಗಾಡಿ ಓಡಿಸ್ತಿದ್ದೀನಿ. ಸಭೆ, ಸತ್ಯಶೋಧನೆ, ಸಾವು ನೋವು ಅಂತ ಅಫಜಲಪುರ, ಜೇವರ್ಗಿ, ಅಕ್ಕಲಕೋಟೆ ಕಡೆಯ ಹಳ್ಳಿಗಳನ್ನೆಲ್ಲ ಗಾಡಿಯಲ್ಲೇ ಸುತ್ತಿದ್ದೀನಿ. ಪ್ಲಗ್ ಬಿಚ್ಚಿ ಒರೆಸೋದು, ಚೈನಿಗೆ ಎಣ್ಣೆ ಬಿಡೋದು ಬಿಟ್ಟರೆ ಒಳಗಿನದು ಏನೂ ಗೊತ್ತಿರಲಿಲ್ಲ. ಕೆಟ್ಟು ನಿಂತರೆ ಮಿಸ್ತ್ರಿ ಹೇಳಿದ್ದೇ ವೇದವಾಕ್ಯ. (ಈ ಶಬ್ದ ನಾನು ಬಳಸಬಾರದು, ಆದ್ರೂ ಇಲ್ಲಿ ಸರಿಯಾಗಿ ಕೂತಿದೆ. ಪ್ರಶ್ನೆ ಕೇಳೋ ಹಾಗಿಲ್ಲ, ಕಾಸು ಕೊಟ್ಟು ಬರೋದು.)

ಅಪ್ಪನ ಪ್ರಶ್ನೆಗೆ ನನಗೆ ಮೊದಲು ನೆನಪಾದದ್ದು ಚಾಳೀಸಗಾಂವ.

1929. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬಯಿ ಸರ್ಕಾರ ಮಾಡಿದ್ದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರು. ಧುಳೆಯ ಕೆಲಸ ಮುಗಿಸಿ ಬರುವಾಗ ಚಾಳೀಸಗಾಂವ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿನ ಮಹಾರರು ಒಂದು ರಾತ್ರಿ ನಮ್ಮ ಕೇರಿಯಲ್ಲಿ ಇದ್ದು ಹೋಗಬೇಕು ಅಂತ ಹಟ ಹಿಡಿದಿದ್ದರು. ಕೇರಿಗೆ ಟಾಂಗಾದಲ್ಲಿ ಹೋಗಬೇಕು. ಸುಮಾರು ಒಂದು ತಾಸು ಕಾಯಿಸಿದ ಮೇಲೆ ಟಾಂಗಾ ಬಂತು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಒಂದು ಮೋಟಾರಿಗೆ ಡಿಕ್ಕಿ ಹೊಡೆಯೋದು ಜರಾದಲ್ಲಿ ತಪ್ಪಿತು. ಮುಂದೆ ಹೊಳೆಯ ಮೇಲಿನ ಸಣ್ಣ ಸೇತುವೆ. ಅದಕ್ಕೆ ಗೋಡೆ ಇಲ್ಲ, ಬರೀ ಸಾಲುಗಲ್ಲು. ಗಾಲಿ ಪಕ್ಕದ ಕಲ್ಲಿಗೆ ಜೋರಾಗಿ ಬಡಿಯಿತು. ಕುದುರೆ, ಟಾಂಗಾ ಎರಡೂ ಹೊಳೆಗೆ ಬಿದ್ದವು. ಬಾಬಾಸಾಹೇಬರು ಕಲ್ಲು ಹಾಸಿನ ಮೇಲೆ ಎಗರಿ ಬಿದ್ದರು. ಕಾಲು ಮುರಿಯಿತು.

ಕಾರಣ ಅವರಿಗೆ ತಿಳಿದದ್ದು ಆಮೇಲೆ. ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂಡಿಸಿಕೊಂಡು ಓಡಿಸೋಕೆ ಒಪ್ಪಿರಲಿಲ್ಲ. ಬ್ಯಾರಿಸ್ಟರ್ ಆದರೇನು, ಸರ್ಕಾರಿ ಸಮಿತಿಯ ಸದಸ್ಯ ಆದರೇನು. ಅತಿಥಿಯನ್ನು ನಡೆಸಿಕೊಂಡು ಹೋಗೋದು ಮಹಾರರಿಗೆ ಮರ್ಯಾದೆ ಅನ್ನಿಸಲಿಲ್ಲ. ಕೊನೆಗೆ ಟಾಂಗಾ ಬಾಡಿಗೆಗೆ ಕೊಡ್ತೀವಿ, ಓಡಿಸೋದು ನೀವೇ ಅಂತ ತೀರ್ಮಾನ ಆಯ್ತು. ಲಗಾಮು ಹಿಡಿದವನು ಜೀವಮಾನದಲ್ಲಿ ಟಾಂಗಾ ಓಡಿಸಿದವನಲ್ಲ. ಬಾಬಾಸಾಹೇಬರು ಅವನನ್ನು ಬೈದಿಲ್ಲ. ತಮ್ಮ ಮಾನ ಕಾಯಲಿಕ್ಕೆ ಹೋಗಿ ಆ ಜನ ತಮ್ಮ ಪ್ರಾಣಕ್ಕೇ ಅಪಾಯ ತಂದರು ಅನ್ನೋ ಅರ್ಥದಲ್ಲಿ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ.

ನಾವು ಈ ಘಟನೆ ಭಾಷಣದಲ್ಲಿ ಹೇಳುವಾಗ ಟಾಂಗಾವಾಲಾನ ಜಾತಿ ಅಹಂಕಾರಕ್ಕೆ ಒತ್ತು ಕೊಡ್ತೀವಿ. ನಾನೂ ನೂರು ಸಲ ಹಂಗೇ ಹೇಳಿದ್ದೀನಿ. ಈ ಸಲ ನನಗೆ ಕಂಡದ್ದು ಲಗಾಮು ಹಿಡಿದ ಆ ಮಹಾರ. ಅವನಿಗೆ ಪ್ರೀತಿ ಇತ್ತು, ಧೈರ್ಯ ಇತ್ತು. ಕಸುಬು ಕಲಿಸಿದವರು ಇರಲಿಲ್ಲ. ಅವನ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ.

ತಮಾಷೆ ನೋಡ್ರಿ, ನನ್ನ ಗಾಡಿಯ ವಂಶಾವಳಿ ಶುರುವಾಗೋದೂ ಅದೇ 1929ರಲ್ಲಿ. ಪ್ರಾಗ್ ನಗರದಲ್ಲಿ ಯಾನೆಚೆಕ್ ಅನ್ನೋ ಮನುಷ್ಯ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡುವ ಹಕ್ಕು ಕೊಂಡ. ತನ್ನ ಹೆಸರಿನ 'ಯಾ', ಅದರ 'ವಾ' ಸೇರಿಸಿ ಮಾಡಿದ ಹೆಸರೇ ನಮ್ಮ ಬಾಯಲ್ಲಿ 'ಜಾವಾ' ಆದದ್ದು. ಆ ಜಾವಾ ಮೈಸೂರಿಗೆ ಬಂದದ್ದು ರುಸ್ತುಂ ಇರಾನಿ, ಫರೂಖ್ ಇರಾನಿ ಅವರಿಂದ. ಜಯಚಾಮರಾಜ ಒಡೆಯರ ಬೆಂಬಲ ಇತ್ತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು, 1961ರಲ್ಲಿ ಗಾಡಿಗಳು ಹೊರಗೆ ಬಂದವು. ನಮ್ಮ ಗುಲಬರ್ಗಾ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿ ಆಗ ಐದೇ ವರ್ಷ ಆಗಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ಚೆಕ್ ಕಂಪನಿಯ ಲೈಸೆನ್ಸ್ ಮುಗಿದು ಗಾಡಿಗೆ ಯೆಜ್ಡಿ ಅಂತ ಹೆಸರಾಯ್ತು, ಇರಾನಿನ ಯಜ್ದ್ ಊರಿನ ನೆನಪಿಗೆ. ಅದೇ ಮೈಸೂರಲ್ಲಿ, ಅದೇ ಹೊತ್ತಿಗೆ, 1973ರ ನವೆಂಬರಲ್ಲಿ, ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಇದೆ ಅಂದರು. ಆಮೇಲೆ ಏನಾಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಂತ್ರಿಗಿರಿ ಹೋಯ್ತು, ದಲಿತ ಹುಡುಗರಿಗೆ ಏಟು ಬಿದ್ದವು, ಆ ಸಿಟ್ಟಲ್ಲೇ ಡಿಎಸ್‌ಎಸ್ ಮೂಡಿತು. ನಮ್ಮ ಕಡೆ ಅದಕ್ಕೂ ಮುಂಚೆ, 1968ರಲ್ಲೇ, ಬಿ. ಶ್ಯಾಮಸುಂದರ್ ಗುಲಬರ್ಗಾದಲ್ಲಿ ಭೀಮ್ ಸೇನೆ ಕಟ್ಟಿದ್ದರು. ನಮ್ಮಪ್ಪ ಆಗಿನ್ನೂ ಮೀಸೆ ಬರದ ಹುಡುಗ. ಸಭೆಯ ಸುದ್ದಿ ಹೇಳೋರು ಸೈಕಲ್ ಮೇಲೆ ಬರ್ತಿದ್ರು, ದಾರಿಯಲ್ಲಿ ಪಂಚರ್ ಆದ್ರೆ ಸೈಕಲ್ ಹೆಗಲಿಗೆ ಹಾಕ್ಕೊಂಡು ಬರ್ತಿದ್ರು ಅಂತ ಹೇಳ್ತಾನೆ.

ಕಾರ್ಖಾನೆ 1996ರಲ್ಲಿ ಮುಚ್ಚಿತು. ಎಂಬತ್ತರ ದಶಕದಲ್ಲಿ ಬಂದ ಜಪಾನಿ 100 ಸಿಸಿ ಗಾಡಿಗಳು, ಹೊಗೆ ನಿಯಮ, ಕಾರ್ಮಿಕರ ಬಾಕಿ, ಅದು ಬೇರೆಯೇ ಕತೆ. ಅಲ್ಲಿ ದುಡಿದವರು ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಅಲೆದರು. ಖಾಸಗಿ ಕಾರ್ಖಾನೆ, ಮೀಸಲಾತಿ ಇರಲಿಲ್ಲ. ಈಗಲೂ ಖಾಸಗಿಯಲ್ಲಿ ಇಲ್ಲ. ನೆನಪಿರಲಿ.

ಈಗ ಹೊಗೆಗೆ ಬರೋಣ.

ಗಾಡಿ ನಾಲ್ಕನೇ ಕಿಕ್ಕಿಗೇ ಶುರುವಾಯ್ತು. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಒಳಗೆ ಒತ್ತಿ ಮೇಲೆ ತಿರುವಿದರೆ ಅದೇ ಕಿಕ್ಕರ್ ಆಗ್ತದೆ. ಓಣಿ ಹುಡುಗರು ಇದನ್ನೇ ಹತ್ತು ಸಲ ಮಾಡಿಸಿ ನೋಡಿದರು. ಆದರೆ ಎರಡೂ ಸೈಲೆನ್ಸರಿನಿಂದ ಬಿಳಿ ಹೊಗೆ. ಎಂಥಾ ಹೊಗೆ ಅಂದ್ರೆ ಮೊಹರಂ ಲೋಬಾನದಂಗೆ ಓಣಿ ತುಂಬ. ಅವ್ವ ಬೈದು ಬಾಗಿಲು ಹಾಕ್ಕೊಂಡಳು.

ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕೋದು. ಲೀಟರಿಗೆ 40 ಎಂ.ಎಲ್. ಹಾಕಿದ್ದೆ. ಜಾಸ್ತಿ ಆಯ್ತೇನೋ ಅಂತ ಕಡಿಮೆ ಮಾಡಿದೆ. ಹೊಗೆ ಹಂಗೇ. ಪಟ್ಟಣದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಇಂಜಿನ್ ಮೇಲೆ ಕೈ ಇಟ್ಟು, "ಬೋರ್ ಹೋಗ್ಯಾದ್ರಿ, ಪೂರ್ತಿ ಇಂಜಿನ್ ಬಿಚ್ಚಬೇಕು, 16,000" ಅಂದರು. ಬಿಚ್ಚದೆ ಹೆಂಗ ಗೊತ್ತಾಯ್ತ್ರಿ ಅಂತ ಕೇಳಿದ್ದಕ್ಕೆ, "ನಿಮಗ ತಿಳಿಯಂಗಿಲ್ಲ ಬಿಡ್ರಿ" ಅಂದರು.

ನಿಮಗ ತಿಳಿಯಂಗಿಲ್ಲ. ಈ ಮಾತು ನಾನು ಬೇರೆ ಬೇರೆ ಕಡೆ, ಬೇರೆ ಬೇರೆ ಟೇಬಲ್ಲಿನ ಮುಂದೆ ನಿಂತು ಕೇಳಿದ್ದೀನಿ. ಗಾಡಿ ವಾಪಸ್ ತಂದೆ.

ಮಗಳು ಡಿಪ್ಲೊಮಾ ಎರಡನೇ ವರ್ಷ, ಮೆಕ್ಯಾನಿಕಲ್. ರಜೆಗೆ ಬಂದಿದ್ದಳು. ಅವಳೇ ಕೂತು ನನಗೆ ಪಾಠ ಮಾಡಿದಳು. ಟೂ ಸ್ಟ್ರೋಕಿನಲ್ಲಿ ವಾಲ್ವ್ ಇರಲ್ಲ. ಪೆಟ್ರೋಲು ಗಾಳಿ ಮೊದಲು ಕೆಳಗೆ ಕ್ರ್ಯಾಂಕ್ ಇರೋ ಡಬ್ಬಿಗೆ ಬರ್ತದೆ, ಪಿಸ್ಟನ್ ಇಳಿಯುವಾಗ ಒತ್ತಿ ಮೇಲಕ್ಕೆ ಕಳಿಸ್ತದೆ. ಹಂಗಾಗಿ ಆ ಡಬ್ಬಿಗೆ ಎಲ್ಲೂ ಸಂದು ಇರಬಾರದು. ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರ್ ಸೀಲ್ ಇರ್ತಾವೆ. ಎಡಗಡೆ ಸೀಲಿನ ಆಚೆ ಕ್ಲಚ್ಚು, ಗೇರಿನ ಎಣ್ಣೆ. ಆ ಸೀಲ್ ಹೋದರೆ ಇಂಜಿನ್ ಆ ಎಣ್ಣೆಯನ್ನು ಹೀರಿ ಸುಡ್ತದೆ.

"ಯಪ್ಪಾ, ಗೇರ್ ಆಯಿಲ್ ಎಷ್ಟದ ನೋಡಿ ಏನು?"

"ಇಲ್ಲವಾ."

ನೋಡಿದೆವು. ಒಂದೇ ವಾರದ ಹಿಂದೆ ತುಂಬಿಸಿದ್ದ ಎಣ್ಣೆ ಅರ್ಧಕ್ಕೆ ಬಂದಿತ್ತು. ನೆಲದ ಮೇಲೆ ಒಂದು ಹನಿ ಸೋರಿಲ್ಲ. ಅಂದ್ರೆ ಎಲ್ಲಿಗೆ ಹೋಗ್ಯಾದ? ಹೊಗೆಯಾಗಿ ನಮ್ಮವ್ವನ ಕಣ್ಣಿಗೆ ಹೋಗ್ಯಾದ.

ಎಡಗಡೆ ಕವರ್ ಬಿಚ್ಚೋದೇನೋ ಸುಲಭ. ಒಳಗಿನ ಚೈನಿಗೆ ಕೊಂಡಿ ಇಲ್ಲ, ಅದಕ್ಕೆ ಇಂಜಿನ್ ಕಡೆಯ ಹಲ್ಲಿನ ಚಕ್ರ, ಕ್ಲಚ್ ಎರಡನ್ನೂ ಒಟ್ಟಿಗೇ ಎಳೆದು ತೆಗೀಬೇಕು. ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕ್ ಸೊಟ್ಟ ಆಗ್ತದೆ. ಪುಲ್ಲರ್ ಬೇಕು. ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದೆ. ತೆಗೆದು ನೋಡಿದರೆ ಸೀಲಿನ ತುಟಿ ಒಣ ರೊಟ್ಟಿ ಹಂಗ ಗಟ್ಟಿಯಾಗಿ ಸೀಳಿತ್ತು. ಹೊಸ ಸೀಲ್ ಎರಡೂ ಕಡೆಯವು ಸೇರಿ 300 ರೂಪಾಯಿ ಒಳಗೆ. ಮೊದಲನೆಯದನ್ನು ನಾನೇ ಹಾಳು ಮಾಡಿದೆ. ಓರೆಯಾಗಿ ಕೂತದ್ದು ನೋಡದೆ ಬಡಿದೆ, ಅಂಚು ಹರೀತು. ಎರಡನೇದನ್ನು ಮಗಳು ಎಣ್ಣೆ ಸವರಿ, ಮೇಲೆ ಕಟ್ಟಿಗೆ ತುಂಡು ಇಟ್ಟು, ನಾಲ್ಕೂ ಕಡೆ ಸಮ ತಟ್ಟುತ್ತಾ ಕೂಡಿಸಿದಳು. ಬಲಗಡೆ ಡೈನಮೋ ಹಿಂದಿನ ಸೀಲನ್ನೂ ಬದಲಿಸಿದೆವು. ಆ ಕಡೆಯದು ಹೋದರೆ ಬರೀ ಗಾಳಿ ಎಳೆದುಕೊಂಡು ಇಂಜಿನ್ ಕಾಯ್ತದೆ.

ಹೊಗೆ ನಿಂತಿತು. ಸೈಲೆನ್ಸರಿನ ಒಳಗೆ ಕೂತಿದ್ದ ಹಳೇ ಎಣ್ಣೆ ಸುಟ್ಟು ಮುಗಿಯೋವರೆಗೆ ಎರಡು ದಿನ ಸ್ವಲ್ಪ ಇತ್ತು, ಆಮೇಲೆ ಬಣ್ಣವೇ ಬದಲಾಯ್ತು. ಬೋರ್ ಸಿಲಿಂಡರ್ ಬಿಚ್ಚಿಯೂ ನೋಡಿದೆವು. ಗೀರಿಲ್ಲ.

16,000 ಉಳೀತು ಅನ್ನೋದಕ್ಕಿಂತ ನನಗೆ ಬೇರೇನೋ ಆಗಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಎದ್ದು ಎದ್ದು ಹೋಗಿ ಗಾಡಿ ನೋಡಿ ಬರ್ತಿದ್ದೆ.

ಇನ್ನು ದೀಪ. ಈ ಗಾಡಿ 6 ವೋಲ್ಟಿನದು. ಹೆಡ್‌ಲೈಟ್ ಅಂದ್ರೆ ಕಂದೀಲು. ನಿಧಾನ ಹೋದಾಗ ಅದೂ ಕೆಂಪಾಗಿ ಮಿಣುಕ್ತದೆ. ಎರಿ ಹೊಲದ ನಡುವಿನ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕೆಂಪು ದೀಪವಿಲ್ಲದೆ ನಿಂತಿರೋ ಸೀಮೆಯಲ್ಲಿ, ಇದರಲ್ಲಿ ರಾತ್ರಿ ಹೋಗೋದು ಸಾವೇ. ಡೈನಮೋ ತೆಗೆದು 12 ವೋಲ್ಟ್ ಆಲ್ಟರ್ನೇಟರ್ ಕಿಟ್, ಜೊತೆಗೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದೆ. ಬ್ಯಾಟರಿ, ಹಾರ್ನು, ಬಲ್ಬು, ಇಂಡಿಕೇಟರಿನ ಫ್ಲಾಷರ್ ಎಲ್ಲ ಹೊಸದು. ಹಳೇ ವೈರು ಮುಟ್ಟಿದರೆ ಪುಡಿಯಾಗ್ತಿತ್ತು, ಪೂರಾ ಕಿತ್ತು ಹೊಸದಾಗಿ ಎಳೆದೆವು. ಎರಡು ಸಲ ಫ್ಯೂಸ್ ಹೋಯ್ತು. ಮೂರನೇ ಸಲ ಬೆಳಕು ಬೇವಿನ ಗಿಡದ ತುದಿಗೆ ಬಿತ್ತು. ಮಲಗಿದ್ದ ಕಾಗೆಗಳು ಎದ್ದವು.

ಆ ಬೆಳಕಿನ ಮುಂದೆ ಕೂತು ಮಗಳಿಗೆ ಮಸೂರಿನ ಕತೆ ಹೇಳಿದೆ. 1901. ಭೀಮರಾವ್ ಇನ್ನೂ ಹತ್ತರ ಆಸುಪಾಸಿನ ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಗೋರೆಗಾಂವದಲ್ಲಿದ್ದ ತಂದೆಯ ಹತ್ತಿರ ಹೊರಟಿದ್ದಾನೆ. ಹೊಸ ಅಂಗಿ, ಟೊಪ್ಪಿಗೆ. ಮಸೂರ ಸ್ಟೇಷನ್ನಿಗೆ ಕರೆಯೋಕೆ ಯಾರೂ ಬಂದಿಲ್ಲ, ಕಾಗದ ತಲುಪಿರಲಿಲ್ಲ. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಎತ್ತಿನ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ, ಹೊಡೆಯೋದು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರೋದು ಅಂತಾಯ್ತು. ರಾತ್ರಿಯಿಡೀ ದಾರಿ. ಬುತ್ತಿ ಇತ್ತು, ನೀರಿಲ್ಲ. ಯಾರೂ ಕೊಡಲಿಲ್ಲ. ಬುತ್ತಿ ಬಿಚ್ಚಿಯೂ ತಿನ್ನಲಾಗದೆ ಮಲಗಿದರು.

"ಅಂದ್ರ ಅಲ್ಲೀನೂ ಇವರೇ ಹೊಡದ್ರು, ಚಾಳೀಸಗಾಂವದಾಗೂ ಇವರೇ ಹೊಡದ್ರು" ಅಂದಳು ಮಗಳು. 1901ಕ್ಕೂ 1929ಕ್ಕೂ ನಡುವೆ ಕೊಲಂಬಿಯಾ, ಲಂಡನ್, ಮಹಾಡ್ ಎಲ್ಲ ಆಗಿಹೋಗಿತ್ತು. ಅವಳು ಹೇಳೋವರೆಗೆ ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನಾನು ನೋಡಿರಲಿಲ್ಲ.

ಗಾಡಿಗೆ 12 ವೋಲ್ಟ್ ಹಾಕಿದ ಫೋಟೋ ನೋಡಿ ಹಳೇ ಗಾಡಿ ಪ್ರೇಮಿಯೊಬ್ಬರು ಬಹಳ ನೊಂದುಕೊಂಡರು. ಒರಿಜಿನಲ್ ಹೋಯ್ತು, ಇನ್ನು ಇದಕ್ಕೆ ಬೆಲೆ ಇಲ್ಲ ಅಂದರು. ಅವರ ಪ್ರೀತಿ ನನಗೆ ಅರ್ಥ ಆಗ್ತದೆ. ಬೆಂಗಳೂರಲ್ಲಿ ಜಾವಾ ದಿನ ಅಂತ ಜುಲೈಯಲ್ಲಿ ಸಾಲಾಗಿ ನಿಲ್ಲಿಸೋ ಗಾಡಿಗಳನ್ನು ನೋಡಿದರೆ ಕಣ್ಣು ತುಂಬ್ತವೆ. ಆದರೆ ನನಗೆ ನಿಲ್ಲಿಸೋಕೆ ಗಾಡಿ ಬೇಡ, ದೂರ ಹೋಗೋಕೆ ಬೇಕು. ಮಡಿ ಮೈಲಿಗೆ ಮನುಷ್ಯರಲ್ಲೇ ಒಪ್ಪದವನು ಕಬ್ಬಿಣದಲ್ಲಿ ಯಾಕೆ ಒಪ್ಪಲಿ? ಇನ್ನೊಂದು ಮಾತು. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಬುಲೆಟ್ ಓಡಿಸಿದ್ದಕ್ಕೇ ದಲಿತ ವಿದ್ಯಾರ್ಥಿಯೊಬ್ಬನ ಕೈ ಕಡಿಯಲು ಹೋದರು ಅಂತ ಅವನ ಮನೆಯವರು ದೂರು ಕೊಟ್ಟರು. ಗಾಡಿಯ ಬೆಲೆ ಅಂದ್ರೆ ನಮ್ಮವರಿಗೆ ನೆನಪಾಗೋದು ಬೇರೆಯೇ ಲೆಕ್ಕ.

ಟ್ಯಾಂಕಿನ ಒಳಗೆ ತುಕ್ಕು. ಹುಣಸೇಹಣ್ಣು ಕಿವುಚಿದ ನೀರು ತುಂಬಿಸಿ ಎರಡು ದಿನ ಬಿಟ್ಟು, ಒಂದು ಹಿಡಿ ನಟ್ಟು ಹಾಕಿ ಅಲುಗಾಡಿಸಿ ತೊಳೆದೆವು. ಕೂಡಲೇ ಒಣಗಿಸಿ ಎಣ್ಣೆ ಬೆರೆಸಿದ ಪೆಟ್ರೋಲ್ ಆಡಿಸಬೇಕು, ಇಲ್ಲಂದ್ರೆ ಸಂಜೆಯೊಳಗೆ ಮತ್ತೆ ಕೆಂಪಾಗ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ, ಹಳೇ ರಬ್ಬರ್ ಪೈಪು, ಕಾಕ್ ವಾಷರ್ ಎಲ್ಲ ಉಬ್ಬಿ ಹಾಳಾಗ್ತವೆ. ಅವನ್ನೂ ಬದಲಿಸಿದೆ. ಬ್ರೇಕ್ ಶೂ, ಗಾಲಿ ಬೇರಿಂಗು, ಟಯರು, ಚೈನು ಮಾಮೂಲಿ ಕೆಲಸ, ಬರೆಯೋದೇನಿಲ್ಲ. ಹಿಂದೆ ಸಾಮಾನಿಗೆ ಕಬ್ಬಿಣದ ಸ್ಟ್ಯಾಂಡ್ ವೆಲ್ಡಿಂಗ್ ಮಾಡಿಸಿದೆ.

ಸೀಟು ಮಾತ್ರ ಅಪ್ಪ ಹೊಲಿದ.

ನಮ್ಮದು ಮಾದಿಗರ ಮನೆ. ಅಪ್ಪ ಚಪ್ಪಲಿ ಹೊಲಿಯೋದು ಬಿಟ್ಟು ಇಪ್ಪತ್ತು ವರ್ಷದ ಮೇಲಾಯ್ತು. ಬಿಡಿಸಿದ್ದು ನಾನೇ, ಆ ಕಾಲದ ನಮ್ಮ ಭಾಷಣದ ಬಿಸಿಯಲ್ಲಿ. ಅರಿ, ರಂಪಿ ಎಲ್ಲ ಒಂದು ಡಬ್ಬಿಯಲ್ಲಿ ಗಂಟು ಕಟ್ಟಿ ಇಟ್ಟಿದ್ದ. ಸೀಟಿನ ರೆಕ್ಸಿನ್ ಹರಿದದ್ದು ನೋಡಿ ಯಾರೂ ಕೇಳದೇನೇ ಡಬ್ಬಿ ತೆಗೆದ. ಅರಿಯ ಮೊನೆ ಕಲ್ಲಿಗೆ ಮಸೆದ, ದಾರಕ್ಕೆ ಮೇಣ ಹಚ್ಚಿದ. ಕೈ ನಡುಗ್ತಾವೆ, ಆದರೆ ಅರಿ ಹಿಡಿದಾಗ ನಡುಗಲಿಲ್ಲ. ಮಧ್ಯಾಹ್ನದಿಂದ ಸಂಜೆವರೆಗೆ ಹೊಲಿದ. ಹೊಲೀತಾ ಹೇಳಿದ. ಅವನ ಹತ್ತಿರ ಒಂದು ಹಳೇ ಸೈಕಲ್ ಇತ್ತಂತೆ. ಒಂದು ಊರಿನ ಅಗಸಿ ಹತ್ತಿರ ಬಂದ ಕೂಡಲೇ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸೈಕಲ್ ತಳ್ಳಿಕೊಂಡು ಹೋಗಬೇಕಿತ್ತಂತೆ. ಊರ ಹೆಸರು ಬರೆಯಲ್ಲ.

"ಆ ಚಪ್ಪಲ್ ನಾನೇ ಹೊಲದದ್ದು" ಅಂದ. "ಅಗಸಿ ಒಳಗಿನವರ ಕಾಲಾಗೂ ನಾನು ಹೊಲದದ್ದೇ ಇರ್ತಿದ್ವು."

ಆ ಡಬ್ಬಿಯನ್ನು ನಾನು ಮುಚ್ಚಿಸಿದ್ದು ಸರಿಯೋ ತಪ್ಪೋ? ಜಾತಿ ಕಟ್ಟಿದ ಕಸುಬು ಬಿಡಬೇಕು ಅನ್ನೋ ಮಾತಲ್ಲಿ ನನಗೆ ಅನುಮಾನ ಇಲ್ಲ, ಇವತ್ತೂ ಇಲ್ಲ. ಕಸುಬಿನ ಜೊತೆ ಅಪ್ಪನ ಕೈಗಿದ್ದ ವಿದ್ಯೆಯನ್ನೂ ಗಂಟು ಕಟ್ಟಿಸಿಟ್ಟೆನಲ್ಲ, ಅದು ನನ್ನ ದಡ್ಡತನ. ಇಂಜಿನ್ನಿನ ಪ್ಯಾಕಿಂಗ್ ಕತ್ತರಿಸೋಕೆ ನಾನು ಕತ್ತರಿ ಹಿಡಿದು ಒದ್ದಾಡ್ತಿದ್ದೆ. ಅಪ್ಪ ರಂಪಿ ತಗೊಂಡು ಒಂದೇ ಏಟಿಗೆ ಗೆರೆ ತಪ್ಪದೆ ಕೊಯ್ದುಕೊಟ್ಟ.

ಮೊನ್ನೆ ಭಾನುವಾರ ಸನ್ನತಿಗೆ ಹೋಗಿ ಬಂದೆವು, ಮಗಳು ಹಿಂದೆ ಕೂತು. ಕಲಬುರಗಿ, ಶಹಾಬಾದ್, ವಾಡಿ, ನಾಲವಾರ ಮೇಲೆ ಹಾಸಿ. ಗಾಡಿ ಒಂದು ಸಲ ನಿಂತಿತು, ವಾಡಿ ದಾಟಿದ ಮೇಲೆ. ಕಾರ್ಬೊರೇಟರಿಗೆ ಟ್ಯಾಂಕಿನ ಉಳಿದ ತುಕ್ಕಿನ ಕಸ ಬಂದಿತ್ತು. ರಸ್ತೆ ಬದಿಯಲ್ಲೇ ಬಿಚ್ಚಿ, ಜೆಟ್ ಊದಿ, ಇಪ್ಪತ್ತು ನಿಮಿಷದಲ್ಲಿ ಹೊರಟೆವು. ನಾನು ಪಾನಾ ಕೊಡೋ ಕೆಲಸ ಮಾಡಿದೆ.

ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ ಮೂರ್ತಿಯ ಕೆಳಗೆ ಪೀಠವಾಗಿ ಇಟ್ಟಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನದೇ ಶಿಲ್ಪ, ಬ್ರಾಹ್ಮಿ ಲಿಪಿಯಲ್ಲಿ ಹೆಸರು ಸಮೇತ. ಮಗಳು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ನಾನು ದೂರದಲ್ಲಿ ಭೀಮಾ ನೋಡ್ತಾ ಬಾಟಲಿಯ ನೀರು ಕುಡೀತಾ ನಿಂತಿದ್ದೆ.

ಮುಂದಿನದು ದೌಲತಾಬಾದ್. 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಜನ ಸಂಗಡಿಗರ ಜೊತೆ ವೆರೂಳದ ಬೌದ್ಧ ಗುಹೆ ನೋಡೋಕೆ ಪ್ರವಾಸ ಹೊರಟಾಗ ಆ ಕೋಟೆಗೂ ಹೋಗಿದ್ದರು. ನಮ್ಮ ಆಳಂದ, ಗುಲಬರ್ಗಾದಂತೆ ಅದೂ ಆಗ ನಿಜಾಮರ ಸೀಮೆ. ಬಾಗಿಲ ಹತ್ತಿರದ ತೊಟ್ಟಿಯ ನೀರಲ್ಲಿ ದಾರಿಯ ಧೂಳು ತೊಳೆದುಕೊಂಡರು. ಅಸ್ಪೃಶ್ಯರು ನೀರು ಕೆಡಿಸಿದರು ಅಂತ ಒಬ್ಬ ಮುದುಕ ಕೂಗುತ್ತಾ ಬಂದ, ಜನ ಸೇರಿ ಗಲಾಟೆ. ಕೊನೆಗೆ ಒಳಗೆ ಬಿಟ್ಟರು, ಎಲ್ಲೂ ನೀರು ಮುಟ್ಟದಂಗೆ ನೋಡ್ಕೊಳ್ಳೋಕೆ ಒಬ್ಬ ಹತ್ಯಾರದ ಸಿಪಾಯಿಯನ್ನು ಜೊತೆಗೆ ಕೊಟ್ಟು. ಹಿಂದೂಗಳಿಗಷ್ಟೇ ಅಲ್ಲ, ಮುಸಲ್ಮಾನರಿಗೂ ನಾವು ಅಸ್ಪೃಶ್ಯರೇ ಅಂತ ಬಾಬಾಸಾಹೇಬರು ಬರೆದದ್ದು ಈ ಪ್ರಸಂಗದ ಕೊನೆಗೆ. ಆ ತೊಟ್ಟಿ ಇದ್ದ ಜಾಗ ನೋಡಬೇಕು ಅಂತ ಮಗಳ ಹಟ. ಸೊಲ್ಲಾಪುರ, ತುಳಜಾಪುರ, ಬೀಡ್ ಮೇಲೆ ಹಾಸಿ ಹೋಗೋದು. ಅಪ್ಪನೂ ಬರ್ತೀನಿ ಅಂತಾನೆ. ಅವನಿಗೆ ಬಸ್ಸು.

ಹೊರಡೋಕೆ ಮುಂಚೆ ಎರಡು ಸಾಮಾನು ಬೇಕಾಗ್ಯಾವ. ಸ್ಪೀಡೋಮೀಟರ್ ಕೇಬಲ್ಲು, ಮತ್ತ ಹಿಂದಿನ ಶಾಕ್ ಅಬ್ಸಾರ್ಬರಿನ ಬುಷ್. ಯಾರ ಮನೆ ಅಟ್ಟದ ಮೇಲಾದ್ರೂ ಹಳೇ ಯೆಜ್ಡಿ 250ದು ಬಿದ್ದಿದ್ರ ತಿಳಸ್ರಿ. ಹಂಗೇ ಈ ಗಾಡಿ ಬಿಚ್ಚೋದು ಕಲೀಬೇಕು ಅನ್ನೋ ಹುಡುಗ ಹುಡುಗಿಯರು ಭಾನುವಾರ ಮುಂಜಾನೆ ನಿಂಬರ್ಗಾಕ್ಕ ಬರ್ರಿ, ಬೇವಿನ ಗಿಡದ ಕೆಳಗ ಇರ್ತೀವಿ. ಹಳೇ ಅಂಗಿ ಹಾಕ್ಕೊಂಡು ಬರ್ರಿ.

ಜೈ ಭೀಮ್.